ಹೃದಯದ ಮೇಲೆ ಒಂಬತ್ತು ಮಿಲಿಮೀಟರ್

ಸೆಪ್ಟೆಂಬರ್ ೯
ಗ್ರಂಥಾಲಯದ ಬೈಂಡಿಂಗ್ ಕೋಣೆಯಿಂದ

ಸೊಸೆಗೆ,

ನೀನು ಈಗ ನನ್ನ ಸೊಸೆಯಲ್ಲ ಎಂದು ಕೋರ್ಟಿನ ಕಾಗದ ಹೇಳುತ್ತದೆ. ಆ ಕಾಗದದಲ್ಲಿ ನನ್ನ ಮಗನ ರುಜು ಇದೆ, ನಿನ್ನ ರುಜು ಇದೆ, ನನ್ನದಿಲ್ಲ. ಆದ್ದರಿಂದ ನಾನು ಹೀಗೇ ಕರೆಯುತ್ತೇನೆ. ಕಿರಿಕಿರಿಯಾದರೆ ಈ ಸಾಲು ಬಿಟ್ಟು ಮುಂದೆ ಓದು.

ನಿನ್ನಿಂದ ಒಂದು ಉಪಕಾರ ಆಗಬೇಕು. ನಿವೃತ್ತಿಗೆ ಎರಡು ವರ್ಷ ಉಳಿದವರೆಲ್ಲ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ಇಲ್ಲಿ ನೋಟೀಸು ಹಾಕಿದರು. ಹೋದೆ. ತೂಕದ ಯಂತ್ರದ ಪಕ್ಕ ನಿಂತಿದ್ದ ನರ್ಸು, "ಒಂದ್ಸಲ ಇಳಿದು ಮತ್ತೆ ಹತ್ತಿ ಅಮ್ಮಾ, ಮಿಷನ್ ಸರಿಯಿಲ್ಲ ಅನ್ಸುತ್ತೆ" ಎಂದಳು. ಮಿಷನ್ ಸರಿಯಾಗಿಯೇ ಇತ್ತು. ತೊಂಬತ್ತೆಂಟು ಕಿಲೋ. ರಕ್ತ ನೋಡಿ ಸಕ್ಕರೆ ಜಾಸ್ತಿ ಎಂದರು, ಅದು ಹಳೆಯ ಸುದ್ದಿ. ಕೊನೆಗೆ ಮಬ್ಬು ಬೆಳಕಿನ ಕೋಣೆಯಲ್ಲಿ ಎಡ ಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣಗಿನ ಜೆಲ್ ಹಚ್ಚಿ, ಪರದೆಯ ಮೇಲೆ ನನ್ನ ಹೃದಯವನ್ನು ನೋಡಿದರು. ಏಳು ವರ್ಷ ನೀನು ನಮ್ಮ ಮನೆಯಿಂದ ಡಬ್ಬಿ ಹಿಡಿದು ಹೋಗಿ ಮಾಡುತ್ತಿದ್ದ ಕೆಲಸ ಇದೇ ಎಂದು ಗೊತ್ತಿತ್ತು. ಆದರೆ ಅದನ್ನು ಕಣ್ಣಾರೆ ಕಂಡದ್ದು ಅವತ್ತೇ.

ವರದಿಯ ನಕಲು ಇದರ ಜೊತೆಗಿದೆ. ಒಂದು ಸಾಲಿನ ಕೆಳಗೆ ವೈದ್ಯರು ಕೆಂಪು ಗೆರೆ ಎಳೆದಿದ್ದಾರೆ. ಏನೆಂದು ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ನಿನಗೆ ಅರ್ಥವಾಗುವುದನ್ನು ನನಗೆ ಅರ್ಥವಾಗುವ ಹಾಗೆ ಬರೆ.

ಉತ್ತರವನ್ನು ಗ್ರಂಥಾಲಯದ ವಿಳಾಸಕ್ಕೆ ಹಾಕು. ಮನೆಯಲ್ಲಿ ನಿನ್ನ ಮಾತು ಬಂದರೆ ನನ್ನ ಮಗ ಊಟದ ತಟ್ಟೆ ಬಿಟ್ಟು ಏಳುತ್ತಾನೆ. ಫೋನೂ ಬೇಡ. ನನ್ನ ಪಿಸುಮಾತು ಬೀದಿಯ ಕೊನೆಯವರೆಗೆ ಕೇಳುತ್ತದೆ ಎಂದು ನಿನಗೇ ಗೊತ್ತು.

ಅತ್ತೆ

*

ಸೆಪ್ಟೆಂಬರ್ ೨೧

ಅತ್ತೆಯವರಿಗೆ ನಮಸ್ಕಾರ.

ವರದಿ ನೋಡಿದೆ. ಕವಾಟಗಳು ಸರಿಯಾಗಿವೆ. ರಕ್ತ ಪಂಪ್ ಆಗುವ ಪ್ರಮಾಣವೂ ಸರಿಯಿದೆ. ಕೆಂಪು ಗೆರೆ ಎಳೆದ ಸಾಲಿನ ಅರ್ಥ ಇಷ್ಟು: ನಿಮ್ಮ ಹೃದಯಕ್ಕೆ ಕೊಬ್ಬು ಹೆಚ್ಚಾಗಿದೆ. ಅಳತೆ ಒಂಬತ್ತು ಮಿಲಿಮೀಟರ್. ಐದರ ಒಳಗಿದ್ದರೆ ನಾವು ಚಿಂತೆ ಮಾಡುವುದಿಲ್ಲ.

ತೂಕ ಇಳಿಸಿ. ಸಕ್ಕರೆಯ ಮಾತ್ರೆ ತಪ್ಪಿಸಬೇಡಿ. ಚಹಾದ ಸಕ್ಕರೆ, ಸಂಜೆಯ ಬಿಸ್ಕತ್ತು ಎರಡನ್ನೂ ನಿಲ್ಲಿಸಿ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಸೊಸೆಯಾಗಿದ್ದವಳು

*

ಸೆಪ್ಟೆಂಬರ್ ೨೯

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲನೆಯ ಸಲ ನಗು ಬಂತು. ಆಮೇಲಿನ ಎರಡು ಸಲ ಬರಲಿಲ್ಲ.

ನೀನು ಹೊರಟ ದಿನ ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತು ನಿನಗೆ ಕೇಳಿಸಿಲ್ಲ ಎಂದುಕೊಂಡಿದ್ದೆ. ಬಸ್ಸು ಶುರುವಾಗಿತ್ತು, ನೀನು ಕಿಟಕಿಯ ಗಾಜು ಎಳೆಯುತ್ತಿದ್ದೆ. "ದೊಡ್ಡ ಆಸ್ಪತ್ರೆ ಕೆಲಸ ಸಿಕ್ತಲ್ಲ, ಕೊಬ್ಬು ಇವಳಿಗೆ" ಎಂದೆ. ಕೇಳಿಸಿತ್ತು ಅನ್ನು. ಒಂದು ವರ್ಷ ಜೋಪಾನವಾಗಿ ಇಟ್ಟುಕೊಂಡು, ಸಮಯ ನೋಡಿ ವಾಪಸು ಕಳಿಸಿದ್ದೀ. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಕಾಯಿಲೆಯ ಕಾಗದ ಕಳಿಸಿದವಳಿಗೆ ಹೀಗೆ ಬರೆಯುವಷ್ಟು ಕಲ್ಲು ಮನಸ್ಸು ನಿನ್ನದು ಎಂದು ತಿಳಿದಿರಲಿಲ್ಲ.

ಬಿಸ್ಕತ್ತು ನಿಲ್ಲಿಸುವುದಿಲ್ಲ.

*

ನವೆಂಬರ್ ೨೪

ಅತ್ತೆ,

ಎಂಟು ವಾರದಿಂದ ಈ ಕಾಗದವನ್ನು ಬರೆಯುತ್ತಿದ್ದೇನೆ, ಹರಿದು ಹಾಕುತ್ತಿದ್ದೇನೆ. ನಾನು ಆ ಅರ್ಥದಲ್ಲಿ ಬರೆಯಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಬಸ್ಸಿನಲ್ಲಿ ನನಗೆ ಆ ಮಾತು ಕೇಳಿಸಿತ್ತು. ವರದಿಯ ಅರ್ಥ ಬರೆಯುತ್ತಾ ಆ ಪದದ ಹತ್ತಿರ ಬಂದಾಗ ಪೆನ್ನು ನಿಂತಿತು. ಹೃದಯದ ಮೇಲೆ ಜಿಡ್ಡಿನ ಪದರ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಅಷ್ಟು ಸಣ್ಣತನ ನನ್ನಲ್ಲಿತ್ತು. ಕ್ಷಮಿಸಿ.

ಈಗ ನಿಜವಾದ ಅರ್ಥ ಹೇಳುತ್ತೇನೆ. ಹೃದಯದ ಸ್ನಾಯುವಿಗೆ ಅಂಟಿಕೊಂಡು ಎಲ್ಲರಿಗೂ ಒಂದು ತೆಳು ಪದರ ಇರುತ್ತದೆ. ತೆಳ್ಳಗಿದ್ದಾಗ ಅದು ಒಳ್ಳೆಯದನ್ನೇ ಮಾಡುತ್ತದೆ, ಹೃದಯವನ್ನು ಬೆಚ್ಚಗಿಡುತ್ತದೆ, ಬೇಕಾದಾಗ ಶಕ್ತಿ ಕೊಡುತ್ತದೆ. ಮೈ ತೂಕ ಏರಿ, ಸಕ್ಕರೆ ಕಾಯಿಲೆಯೂ ಸೇರಿದವರಲ್ಲಿ ಅದು ದಪ್ಪವಾಗುತ್ತದೆ, ಗುಣವೂ ಕೆಡುತ್ತದೆ. ಸುಮ್ಮನೆ ಕೂರುವುದಿಲ್ಲ. ಉರಿಯೂತ ಎಬ್ಬಿಸುವ ರಸಗಳನ್ನು ಸದಾ ಬಿಡುತ್ತಿರುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ಗೋಡೆಯಿಲ್ಲ, ಹಾಗಾಗಿ ಅವು ನೇರ ಸ್ನಾಯುವಿಗೇ ಇಳಿಯುತ್ತವೆ.

ಇದು ನಡತೆಯ ಮಾತಲ್ಲ ಅತ್ತೆ. ದಿನಕ್ಕೆ ಇಪ್ಪತ್ತು ಹೃದಯ ನೋಡುತ್ತೇನೆ. ಜಗಳಗಂಟರಿಗೂ ಇರುತ್ತದೆ, ಪಾಪದವರಿಗೂ ಇರುತ್ತದೆ. ಇಳಿಸಿದರೆ ಇಳಿಯುತ್ತದೆ ಕೂಡ.

ಸಕ್ಕರೆ ಎಷ್ಟಿದೆ, ಬರೆಯಿರಿ.

ಸೊಸೆ

*

ಡಿಸೆಂಬರ್ ೮

ಸೊಸೆಗೆ,

ಈ ಎಂಟು ವಾರ ದಿನಾ ಹನ್ನೊಂದು ಗಂಟೆಗೆ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಅಂಚೆಯವನ ದಾರಿ ಕಾಯುತ್ತಿದ್ದೆ. ಅವನಿಗೆ ನನ್ನ ಮೇಲೆ ಅನುಮಾನವೇ ಬಂದಿತ್ತು. ಕವರು ಕೊಡುವಾಗ, "ಬಂತು ನೋಡಿ ನಿಮ್ಮದು, ಇನ್ನಾದ್ರೂ ಕೆಲಸ ಮಾಡಿ" ಎಂದ.

ಕ್ಷಮೆ ಕೇಳಬೇಕಾದವಳು ನಾನು. ಬಸ್ಸಿನ ಹತ್ತಿರ ನಾನು ಹೇಳಬೇಕೆಂದಿದ್ದದ್ದೇ ಬೇರೆ. ನೀನು ಹೋದರೆ ನನ್ನ ಜೊತೆ ಮಾತಾಡುವವರು ಯಾರು ಎಂದು ಕೇಳಬೇಕಿತ್ತು. ನನ್ನ ಮಗ ಮನೆಗೆ ಬಂದರೆ ಆಡುವುದು ಮೂರು ಮಾತು: ನೀರು, ಸಾಕು, ದೀಪ ಆರಿಸು. ಆ ಪ್ರಶ್ನೆಯ ಬದಲು ಕೊಬ್ಬಿನ ಮಾತು ಬಾಯಿಗೆ ಬಂತು.

ಒಂಬತ್ತು ಮಿಲಿಮೀಟರ್ ಎಂದರೆ ಎಷ್ಟು ಎಂದು ನೋಡೋಣವೆಂದು ಮೂರು ಮಿಲಿಮೀಟರಿನ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟೆ. ಮೂರು ರಟ್ಟು. ದೊಡ್ಡ ನಿಘಂಟಿಗೂ ನಾನು ಹಾಕುವುದು ಒಂದೇ ರಟ್ಟು. ನೋಡಿ ನನಗೇ ಭಯವಾಯಿತು.

ಅಂದಿನಿಂದ ನಡೆಯುತ್ತಿದ್ದೇನೆ. ನಮ್ಮ ಗ್ರಂಥಪಾಲಕಿಯನ್ನು ನಾವೆಲ್ಲ ಶ್ ಮೇಡಂ ಎನ್ನುತ್ತೇವೆ, ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಿಂದ ಬರುವುದು ಅದೊಂದೇ ಶಬ್ದ. ಅವರಿಗೂ ಸಕ್ಕರೆ ಕಾಯಿಲೆ. ಮಧ್ಯಾಹ್ನ ಇಬ್ಬರೂ ಇತಿಹಾಸದ ಕಪಾಟಿನಿಂದ ಹೊರಟು ಭೂಗೋಳ ಸುತ್ತಿ ಬರುತ್ತೇವೆ. ಹೋದ ವಾರ ಒಟ್ಟಿಗೇ ರಕ್ತ ಕೊಟ್ಟು ಬಂದೆವು. ಬರಿಹೊಟ್ಟೆಯಲ್ಲಿ ನೂರ ಹದಿನೆಂಟು. ಈಗ ಸಮಾಧಾನವೇ?

ನನ್ನದು ಸಾಕು. ನಿನ್ನ ಕಥೆ ಹೇಳು. ಅಲ್ಲಿ ನಿನಗೆ ಯಾರಾದರೂ ಇದ್ದಾರಾ? ಇದ್ದರೆ ಹೇಳು, ನಾನೇನೂ ಅಳುವುದಿಲ್ಲ.

ಅತ್ತೆ

*

ಜನವರಿ ೨೭

ಅತ್ತೆ,

ತಡವಾಯಿತು. ಹೊಸ ಜ್ವರದ ಸುದ್ದಿ ನಿಮ್ಮಲ್ಲಿಗೂ ಬಂದಿರಬೇಕು. ಇಲ್ಲಿ ಮೂರು ವಾರದಿಂದ ನಮ್ಮ ವಿಭಾಗದವರಿಗೆಲ್ಲ ಅದರದ್ದೇ ಕೆಲಸ. ಯಂತ್ರವನ್ನು ತಳ್ಳಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತೇನೆ. ಎರಡು ಪದರ ಕೈಗವಸು, ಮುಖಕ್ಕೆ ಗಾಜು. ರೋಗಿಗಳಿಗೆ ನನ್ನ ಕಣ್ಣು ಬಿಟ್ಟು ಏನೂ ಕಾಣುವುದಿಲ್ಲ.

ನೂರ ಹದಿನೆಂಟು ಓದಿ ವಾರ್ಡಿನಲ್ಲೇ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ಸಕ್ಕರೆ ಅಷ್ಟಕ್ಕೆ ಇಳಿದಿದ್ದರೆ ನಿಮ್ಮ ಅರ್ಧ ಅಪಾಯ ಕಳೆದ ಹಾಗೆ. ಉಳಿದರ್ಧಕ್ಕಾಗಿ ಈ ಕಾಗದ. ಗಮನವಿಟ್ಟು ಓದಿ.

ಈ ಸೋಂಕು ಹತ್ತು ಜನಕ್ಕೆ ಬಂದರೆ ಹೆಚ್ಚಿನವರು ಕೆಮ್ಮಿ, ಮಲಗಿ, ಎದ್ದುಬರುತ್ತಾರೆ. ಯಾರು ಏಳುವುದಿಲ್ಲ ಎಂದು ನಾವು ನೋಡುತ್ತಿದ್ದೇವೆ. ತುಂಬಾ ದಪ್ಪಗಿರುವವರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ಮತ್ತು ನಾನು ಪರದೆಯ ಮೇಲೆ ಅಳೆಯುತ್ತಿರುವ ಹಾಗೆ ಹೃದಯದ ಮೇಲಿನ ಪದರ ದಪ್ಪವಾಗಿರುವವರು. ವೈರಸ್ಸು ಬಂದಾಗ ಮೈಯೆಲ್ಲ ಉರಿಯೂತ ಏಳುತ್ತದೆ. ಇಂಥವರಲ್ಲಿ ಒಳಗೆ ಮೊದಲೇ ಉರಿ ಇರುತ್ತದೆ, ಎರಡೂ ಸೇರಿಬಿಡುತ್ತವೆ. ವೈರಸ್ಸು ಆ ಕೊಬ್ಬಿನಲ್ಲೇ ಮನೆ ಮಾಡಿಕೊಳ್ಳುತ್ತದೋ ಏನೋ ಎಂದು ನಮ್ಮ ವೈದ್ಯರಿಗೆ ಸಂಶಯವಿದೆ. ಖಚಿತವಾಗಿ ಗೊತ್ತಿಲ್ಲ. ಗೊತ್ತಾಗುವವರೆಗೆ ಕಾಯುವುದು ಬೇಡ.

ಕೆಲಸಕ್ಕೆ ರಜೆ ಹಾಕಿ. ಕೆಮ್ಮುವವರು ಯಾರೇ ಆಗಲಿ, ಅವರ ಹತ್ತಿರ ಹೋಗಬೇಡಿ. ಯಾರೇ ಆಗಲಿ.

ಸೊಸೆ

*

ಫೆಬ್ರವರಿ ೧೦

ಸೊಸೆಗೆ,

ರಜೆ ಹಾಕುವ ಕಷ್ಟವೇ ಬರಲಿಲ್ಲ, ಇವತ್ತಿನಿಂದ ಗ್ರಂಥಾಲಯಕ್ಕೇ ಬೀಗ. ಕೋಣೆ ಬಿಡುವ ಮುಂಚೆ ಅಂಟಿನ ಬಟ್ಟಲು ತೊಳೆದು, ಹೊಲಿಗೆಯ ಚೌಕಟ್ಟಿಗೆ ಬಟ್ಟೆ ಹೊದಿಸಿ ಈ ಕಾಗದ ಬರೆಯುತ್ತಿದ್ದೇನೆ.

ನಾನು ಅರ್ಥ ಮಾಡಿಕೊಂಡದ್ದು ಸರಿಯೋ ನೋಡು. ನನ್ನ ಮಗನಂಥ ಒಣಕಲು ಆಳಿಗೆ ಆ ಜ್ವರ ಬಂದರೆ ಅವನು ಮಲಗುತ್ತಾನೆ, ಬಹುಶಃ ಏಳುತ್ತಾನೆ. ನನಗೆ ಬಂದರೆ ಬಹುಶಃ ಏಳುವುದಿಲ್ಲ. ವಯಸ್ಸಿನಿಂದ ಅಲ್ಲ, ಆ ಮೂರು ರಟ್ಟಿನಿಂದ. ಇಷ್ಟೇ ತಾನೇ? ನಲವತ್ತು ವರ್ಷ ಪುಸ್ತಕ ಹೊಲಿದಿದ್ದೇನೆ, ಹೊಲಿಯುತ್ತಾ ಒಂದೊಂದು ಪುಟ ಓದಿಯೂ ಇದ್ದೇನೆ. ನೀನು ಬಿಡಿಸಿ ಬರೆದದ್ದು ತಿಳಿಯದಷ್ಟು ದಡ್ಡಿಯಲ್ಲ.

ಅವನ ಕೆಲಸ ನಿಂತಿಲ್ಲ. ರಸ್ತೆಯಲ್ಲಿ ಗಾಡಿಯೇ ಇಲ್ಲದಿದ್ದರೂ ಸಿಗ್ನಲ್ ದೀಪ ಕೆಡುತ್ತದಂತೆ. ಏಣಿ ಹೊತ್ತುಕೊಂಡು ದಿನಾ ಹೋಗುತ್ತಾನೆ, ಬಂದು ಹೊರಗೇ ಬಟ್ಟೆ ಬಿಚ್ಚಿ ಸ್ನಾನ ಮಾಡುತ್ತಾನೆ.

ಬಾಗಿಲು ತೆರೆಯುವವರೆಗೆ ನೀನು ಬರೆಯಬೇಡ, ಇಲ್ಲಿ ತೆಗೆದುಕೊಳ್ಳುವವರಿಲ್ಲ. ನಾನೇ ಬರೆಯುತ್ತೇನೆ. ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ ಎಂಬುದು ನೆನಪಿರಲಿ.

ಅತ್ತೆ

*

ಮಾರ್ಚ್ ೩
ಮನೆಯಿಂದ

ಮಗಳೇ,

ಅವನಿಗೆ ಜ್ವರ ಬಂದು ಆರು ದಿನವಾಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ ಹಾಸಿಗೆ ಇಲ್ಲ, ಉಸಿರು ಕಟ್ಟಿದರೆ ಮಾತ್ರ ತನ್ನಿ ಎಂದರು. ಮೊದಲ ದಿನ ನೀನು ಹೇಳಿದ ಹಾಗೇ ಮಾಡಿದೆ. ತಟ್ಟೆಯನ್ನು ಬಾಗಿಲ ಹೊರಗಿಟ್ಟು ಕೂಗಿ ಹೇಳಿ ಹಿಂದೆ ಸರಿದೆ. ಎರಡನೆಯ ದಿನವೂ ಇಟ್ಟೆ. ಮೂರನೆಯ ದಿನ ಹೋಗಿ ನೋಡಿದರೆ ಎರಡನೆಯ ದಿನದ ತಟ್ಟೆ ಮುಟ್ಟದೆ ಹಾಗೇ ಇತ್ತು. ಒಳಗಿನಿಂದ ನೀರು ಎನ್ನುವುದು ಕೇಳಿಸಿತು, ಅದೂ ಅರ್ಧ.

ಹೋದೆ. ಬಚ್ಚಲಿಗೆ ಕರೆದೊಯ್ಯಲು, ಎತ್ತಿ ಕೂರಿಸಲು ಇಬ್ಬರು ಬೇಕು, ಇರುವುದು ನಾನೊಬ್ಬಳು. ಇಷ್ಟು ವರ್ಷ ಹೊತ್ತ ತೂಕ ಇದೊಂದು ಕೆಲಸಕ್ಕೆ ಬಂತು. ಇವತ್ತು ಜ್ವರ ಇಳಿದಿದೆ. ಅರ್ಧ ಬಟ್ಟಲು ಗಂಜಿ ಕುಡಿದು, ಉಪ್ಪು ಕಡಿಮೆ ಎಂದ. ಬದುಕುತ್ತಾನೆ.

ನಿನಗೊಂದು ಸುಳ್ಳು ಹೇಳಿದ್ದೆ. ನೂರ ಹದಿನೆಂಟು ನನ್ನದಲ್ಲ, ಶ್ ಮೇಡಂದು. ನನ್ನದು ಇನ್ನೂರ ನಲವತ್ತು ಇತ್ತು. ನಾಚಿಕೆಯಾಗಿ ಅವರ ಅಂಕಿ ಬರೆದೆ. ನೀನು ನಕ್ಕೆ ಎಂದು ಬರೆದ ಮೇಲೆ ತಿದ್ದಲು ಮನಸ್ಸು ಬರಲಿಲ್ಲ.

ನಿನ್ನ ಜನವರಿಯ ಕಾಗದ ನನಗೆ ಬಾಯಿಪಾಠ. ಎಲ್ಲ ಗೊತ್ತಿದ್ದೇ ಒಳಗೆ ಹೋದೆ. ನಿನ್ನ ಮೇಲೆ ಯಾವ ತಪ್ಪೂ ಇಲ್ಲ, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಪಕ್ಕದ ಮನೆಯವರಿಗೆ ಕಿಟಕಿಯಿಂದ ಕೊಡುತ್ತೇನೆ, ಡಬ್ಬಕ್ಕೆ ಹಾಕುತ್ತಾರೆ.

ನಿನ್ನೆಯಿಂದ ನನಗೂ ಸ್ವಲ್ಪ ಗಂಟಲು ಕೆರೆತ. ಧೂಳಿರಬೇಕು.

ಅತ್ತೆ

*

ಮಾರ್ಚ್ ೧೬

ಅತ್ತೆ,

ನಿಮ್ಮ ಕಾಗದ ಹದಿಮೂರು ದಿನ ತೆಗೆದುಕೊಂಡು ಇವತ್ತು ಕೈಗೆ ಬಂತು. ಬೆಳಗಿನಿಂದ ಮನೆಗೆ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಅದಕ್ಕೇ ಇದನ್ನು ಮನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಅವರು ನೋಡಿದರೆ ನೋಡಲಿ.

ಗಂಟಲು ಕೆರೆತ ಧೂಳಿನಿಂದ ಎಂದು ಕೂರಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ. ಹಾಸಿಗೆ ಇಲ್ಲ ಎಂದರೆ ಬಾಗಿಲಲ್ಲೇ ಕೂತ್ಕೊಳ್ಳಿ, ನಿಮ್ಮನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಹೃದಯದ ವರದಿಯ ನಕಲನ್ನು ತಪ್ಪದೆ ತೋರಿಸಿ. ಕೆಂಪು ಗೆರೆಯ ಸಾಲನ್ನು ಬೆರಳಿಟ್ಟು ತೋರಿಸಿ. ಅದನ್ನು ನೋಡಿದರೆ ಅವರು ಬೇಗ ಎಚ್ಚರವಾಗುತ್ತಾರೆ.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ಇದ್ದಾರೆ. ನಮ್ಮ ರಕ್ತ ಪರೀಕ್ಷೆಯ ವಿಭಾಗದವರು. ಮಾತು ಹೆಚ್ಚು, ನಿಮಗೆ ಹಿಡಿಸುತ್ತಾರೆ. ಮೊದಲೇ ಹೇಳಿದರೆ ನೀವು ಕಾಗದ ಬರೆಯುವುದನ್ನು ನಿಲ್ಲಿಸುತ್ತೀರೋ ಎಂದು ಹೆದರಿಕೆಯಾಗಿತ್ತು.

ಒಂದೇ ಒಂದು ಸಾಲು ಬರೆದು ಕಳಿಸಿ.

ಸೊಸೆ

*

ಏಪ್ರಿಲ್ ೨೦

ನಿನ್ನನ್ನು ಏನೆಂದು ಕರೆದು ಬರೆಯಬೇಕೋ ತಿಳಿಯದೆ ಮೊದಲ ಸಾಲು ಖಾಲಿ ಬಿಟ್ಟಿದ್ದೇನೆ.

ಅಮ್ಮ ಮಾರ್ಚ್ ಹದಿನಾಲ್ಕರಂದು ಹೋದಳು, ಬೆಳಗ್ಗೆ ಹತ್ತೂವರೆಗೆ. ಆರರಂದು ಕೆಮ್ಮು ಶುರುವಾಯಿತು, ಒಂಬತ್ತರಂದು ಉಸಿರು ಸಿಗದೆ ಆಂಬ್ಯುಲೆನ್ಸ್ ಹತ್ತಿದಳು. ನನಗೆ ಜೊತೆಗೆ ಹೋಗಲು ಬಿಡಲಿಲ್ಲ. ಸಕ್ಕರೆ ಮುನ್ನೂರು ದಾಟಿದೆ ಎಂದು ಫೋನಿನಲ್ಲಿ ಹೇಳಿದರು. ಹೃದಯದ ತೊಂದರೆ ಏನಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ನಿನ್ನ ಫೋನ್ ಬಂದ ದಿನ ಮನೆಯಲ್ಲಿ ನಾನಿದ್ದೆ. ಎತ್ತಲಿಲ್ಲ. ಆ ವಾರ ಯಾರದ್ದೂ ಎತ್ತಲಿಲ್ಲ. ನಿನ್ನ ಕಾಗದ ತಿಂಗಳ ಕೊನೆಗೆ ಬಂತು. ಅದರ ಕೊನೆಯ ಸಾಲುಗಳನ್ನೂ ಓದಿದೆ. ನಿನಗೆ ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಮೊನ್ನೆ ಅವಳ ಸಾಮಾನು ತರಲು ಗ್ರಂಥಾಲಯಕ್ಕೆ ಹೋಗಿದ್ದೆ. ಗ್ರಂಥಪಾಲಕಿ ನೆಲಮಾಳಿಗೆಯ ಕೋಣೆ ತೆಗೆದುಕೊಟ್ಟು, ತಾವು ಹೊರಗೇ ನಿಂತು ಅತ್ತರು. ಕತ್ತರಿ, ದಬ್ಬಣ, ಮೇಣದ ಉಂಡೆ, ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯ ಕೆಳಗೆ ಹಸಿರು ಬಟ್ಟೆಯ ರಟ್ಟಿನ ತೆಳ್ಳಗಿನ ಪುಸ್ತಕ. ನೀನು ಬರೆದ ಮೂರು ಕಾಗದಗಳನ್ನು ಅಮ್ಮ ಹೊಲಿದಿಟ್ಟಿದ್ದಳು. ಹಿಂದೆ ಇನ್ನೂ ಎಷ್ಟೋ ಕಾಗದ ಸೇರಿಸಲು ಜಾಗ ಬಿಟ್ಟಿದ್ದಳು.

ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದೆ. ಜನವರಿಯದ್ದನ್ನು ಮತ್ತೆ ಮೊದಲಿನಿಂದ ಓದಿದೆ.

ಅವಳು ನನ್ನ ಕೋಣೆಗೆ ಬಂದಾಗ ಬರಬೇಡ ಅಂದಿದ್ದೆ. "ಸೊಸೆ ಕಾಗದ ಬರೆದಿದ್ದಾಳೆ ಕಣೋ. ನಂಗೇನೂ ಆಗಲ್ವಂತೆ, ಸುಮ್ನೆ ಮಲಕ್ಕೋ" ಎಂದಳು. ನಿನ್ನ ಮಾತು ಬಂದಾಗ ನಾನು ಎದ್ದು ಹೋಗದೆ ಕೇಳಿದ್ದು ಅದೇ ಮೊದಲು. ಏಳುವ ಶಕ್ತಿ ಇರಲಿಲ್ಲ. ಆಸ್ಪತ್ರೆಯಲ್ಲಿರುವ ನೀನೇ ಹೇಳಿದ್ದೀ ಎಂದ ಮೇಲೆ ಸರಿಯೇ ಇರುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅವಳ ಕೈ ಹಿಡಿದುಕೊಂಡೆ ಕೂಡ.

ಈಗ ನೋಡಿದರೆ ನೀನು ಬರೆದದ್ದು ಅದಕ್ಕೆ ತದ್ವಿರುದ್ಧ. ಅವಳು ಓದಿದ್ದು ತಪ್ಪೋ, ನನಗೆ ಹೇಳಿದ್ದು ಸುಳ್ಳೋ? ತಪ್ಪು ತಿಳಿದು ಬಂದಳೋ, ಎಲ್ಲ ತಿಳಿದೇ ಬಂದಳೋ? ಅವಳು ನಿನಗೆ ಬರೆದ ಕಾಗದಗಳಲ್ಲಿ ಅದು ಇರಬೇಕು. ನನಗೆ ಕಳಿಸು. ಅಥವಾ ಏನಿದೆ ಎಂದಾದರೂ ಹೇಳು. ನಾನು ಕಂಬ ಹತ್ತಿ ಅರ್ಧಕ್ಕೇ ಇಳಿದುಬರುತ್ತಿದ್ದೇನೆ. ಕೆಲಸದ ಜೊತೆಗಾರರು ಏಣಿ ಹಿಡಿದುಕೊಂಡು ನಿಂತಿರುತ್ತಾರೆ.

*

ಮೇ ೨

ನಿಮ್ಮ ಕಾಗದ ಬಂತು. ಅತ್ತೆ ಇಲ್ಲ ಎಂಬುದನ್ನು ನಾನು ಉತ್ತರ ಬಾರದೆ ಇದ್ದಾಗಲೇ ತಿಳಿದಿದ್ದೆ. ಆದರೂ ಓದುವವರೆಗೆ ಹನ್ನೊಂದು ಗಂಟೆಯ ಅಂಚೆಯನ್ನು ಕಾಯುತ್ತಿದ್ದೆ.

ಅವರ ಕಾಗದಗಳು ನನ್ನ ಹತ್ತಿರ ಉಳಿದಿಲ್ಲ. ಓದಿ ಹರಿದು ಹಾಕುವ ಕೆಟ್ಟ ಅಭ್ಯಾಸ ನನ್ನದು. ಆದರೆ ಅವರು ಬರೆದದ್ದೆಲ್ಲ ನೆನಪಿದೆ, ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳುತ್ತೇನೆ.

ಅತ್ತೆ ತಪ್ಪು ತಿಳಿದುಕೊಂಡಿದ್ದರು. ಸಕ್ಕರೆ ನೂರ ಹದಿನೆಂಟಕ್ಕೆ ಇಳಿದಿದೆ ಎಂದು ಅವರಿಗೆ ಯಾರೋ ಚೀಟಿ ಅದಲುಬದಲು ಕೊಟ್ಟಿರಬೇಕು, ಅವರು ಅದನ್ನು ಪೂರ್ತಿ ನಂಬಿದ್ದರು. ಅರ್ಧ ಅಪಾಯ ಕಳೆದ ಹಾಗೆ ಎಂದು ನಾನು ಬರೆದದ್ದನ್ನು ನೀವು ಓದಿದ್ದೀರಿ. ಆ ಸಾಲು ನಾನು ಬರೆಯಬಾರದಿತ್ತು. ಅವರು ಅದೊಂದನ್ನೇ ಹಿಡಿದುಕೊಂಡರು. ಉಳಿದದ್ದು ಆಸ್ಪತ್ರೆಯ ಭಾಷೆ, ತಲೆಗೆ ಹತ್ತಲಿಲ್ಲ, ನನಗೆ ಬೇಕಾದದ್ದು ಸಿಕ್ಕಿತು ಎಂದು ತಮಾಷೆ ಮಾಡಿ ಬರೆದಿದ್ದರು. ಮತ್ತೊಮ್ಮೆ ಬಿಡಿಸಿ ಬರೆಯಬೇಕಾದ್ದು ನನ್ನ ಕೆಲಸವಾಗಿತ್ತು. ವಾರ್ಡಿನ ಗಡಿಬಿಡಿಯಲ್ಲಿ ಬರೆಯಲಿಲ್ಲ. ತಪ್ಪು ಎಂದು ಎಲ್ಲಾದರೂ ಇದ್ದರೆ ಅದು ಇಲ್ಲಿದೆ. ನಿಮ್ಮ ಕೋಣೆಯಲ್ಲಿ ಅಲ್ಲ.

ಅವರು ನಿಮಗೆ ಸುಳ್ಳು ಹೇಳಲಿಲ್ಲ. ತಮಗೆ ತಿಳಿದದ್ದನ್ನೇ ಹೇಳಿದರು.

ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ತಾಯಿಯಿಂದ ಮಕ್ಕಳಿಗೆ ಬರುವುದುಂಟು. ಹೃದಯದ ಚಿತ್ರ ತೆಗೆಸಿದರೆ ನನಗೆ ಕಳಿಸಿ, ಅದೇ ದಿನ ಓದಿ ಹೇಳುತ್ತೇನೆ. ಏಣಿ ಹತ್ತುವಾಗ ಕೆಳಗೆ ಹಿಡಿಯುವವರು ಇರಲಿ.

ಇನ್ನು ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅತ್ತೆ ಎಷ್ಟು ಜಾಗರೂಕರು ಎಂದು ಏಳು ವರ್ಷ ಅದೇ ಮನೆಯಲ್ಲಿದ್ದ ನನಗೆ ಗೊತ್ತು. ಅಪಾಯ ತಿಳಿದಿದ್ದರೆ ಅವರು ಆ ಬಾಗಿಲು ದಾಟುತ್ತಿರಲಿಲ್ಲ.